ಅರ್ಧ ವೇಗದ ಪ್ರಾರ್ಥನೆ

ಅನಿಲಕುಮಾರ ಮಾಸ್ತರನ ಗ್ರಹಚಾರಕ್ಕೆ ಮೂಲ, ಹೆಡ್ ಮಾಸ್ತರ ಪಂಪಾಪತಿಯವರ ಒಂದು ಕವನ. ಶಾಲೆಯ ಹೊಸ ಕೋಣೆಗಳ ಉದ್ಘಾಟನೆಗೆ ರಾಯಚೂರಿನಿಂದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಬರುತ್ತಾರೆಂದು ತಿಳಿದದ್ದೇ ತಡ, ಪಂಪಾಪತಿಯವರು ಆರು ನುಡಿಯ ಪ್ರಾರ್ಥನೆ ಬರೆದರು. ಬರೆದು ಸುಮ್ಮನಿದ್ದರೆ ದೇವರಿಗೂ ಮಕ್ಕಳಿಗೂ ಒಳ್ಳೆಯದಿತ್ತು. ಅಳಿಯನಿಂದ ಹಾಡಿಸಿ, ಮೊಬೈಲಿಗೆ ತುಂಬಿಸಿಕೊಂಡು ಬಂದರು. ಅಳಿಯ ಮದುವೆ ಮೆರವಣಿಗೆಯಲ್ಲಿ ಹಾಡುವವನು. ಪ್ರಾರ್ಥನೆಯೂ ಹಾಗೇ ಕುಣಿಯುತ್ತ ಓಡುತ್ತಿತ್ತು.

"ಅನಿಲಕುಮಾರ್ ಸರ್, ಮಕ್ಕಳಿಗೆ ನೀವೇ ಕಲಸ್ರಿ. ಸಾಹೇಬ್ರ ಮುಂದ ನಿಮ್ಮ ಹೆಸರು ಹೇಳ್ತೀನಿ," ಎಂದು ಹಾಡನ್ನು ಅವನ ಮೊಬೈಲಿಗೂ ಕಳಿಸಿದರು.

ಅಷ್ಟು ಮಾತೇ ಸಾಕಾಯಿತು. ಅನಿಲಕುಮಾರನ ಹೆಂಡತಿ ಸುಮಂಗಲಾ ಶಕ್ತಿನಗರದಲ್ಲಿ ನರ್ಸು. ಅವನ ಶಾಲೆ ದೇವದುರ್ಗದಿಂದಲೂ ಆಚೆ, ದಿನಕ್ಕೆರಡೇ ಬಸ್ಸು ಕಾಣುವ ಹಳ್ಳಿಯಲ್ಲಿ. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡ ಹೆಂಡತಿ ಬೀಗರ ಹಾಗೆ ವಾರಕ್ಕೊಮ್ಮೆ ಭೇಟಿ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ, ಗಬ್ಬೂರಿನಲ್ಲಿ ಚಹಾ ಕುಡಿದು, ಕತ್ತಲಾದ ಮೇಲೆ ಅವಳ ಬಾಗಿಲು ತಟ್ಟಬೇಕು. ಶಕ್ತಿನಗರದ ಶಾಲೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ಅದಕ್ಕೆ ಸಹಿ ಬೀಳಬೇಕಾದದ್ದು ಇದೇ ಸಾಹೇಬರ ಕೈಯಿಂದ. ಸುಮಂಗಲಾ ಆಗಲೇ ಎರಡು ಕೋಣೆಯ ಬಾಡಿಗೆ ಮನೆ ನೋಡಿಟ್ಟಿದ್ದಳು.

ಆದರೆ ಹಾಡಿನ ಓಟಕ್ಕೆ ಮಕ್ಕಳ ನಾಲಿಗೆ ತೊಡರಿತು. ತಾನೇ ಹಾಡಿ ಕಲಿಸೋಣವೆಂದರೆ ಅನಿಲಕುಮಾರನ ಗಂಟಲು ಚರ್ಮ ಹರಿದ ಹಲಗೆವಾದ್ಯದಂತಿತ್ತು. ಆಗ ಕೈಹಿಡಿದವರು ಆಟದ ಮಾಸ್ತರ ನಬೀಸಾಬ್.

"ಇದರಾಗೇನದ ಸರ್? ಮೊಬೈಲ್ ಕೊಡ್ರಿ ಇಲ್ಲಿ," ಎಂದು ಒಂದು ಆಪ್ ಹಾಕಿಕೊಟ್ಟರು. "ಹಿಂದಕ ಟೇಪ್ ನಿಧಾನ ಮಾಡಿದ್ರ ದನಿ ಎಮ್ಮಿ ಒದರಿದಂಗ ಆಗ್ತಿತ್ತು. ಇದರಾಗ ಓಟ ಅಷ್ಟೇ ಕಮ್ಮಿ ಆಗ್ತದ, ಶ್ರುತಿ ಇದ್ದಲ್ಲೇ ಇರ್ತದ. ಅರ್ಧಕ್ಕ ಇಳಿಸಿ ಕಲಸ್ರಿ, ಆಮ್ಯಾಲ ಸ್ವಲ್ಪ ಸ್ವಲ್ಪ ಏರಸ್ರಿ."

ಇಳಿಸಿದ್ದು ಸುಲಭವಾಯಿತು. ಮಕ್ಕಳು ಒಂದಕ್ಷರ ತಪ್ಪದೆ ಕಲಿತರು. ಏರಿಸಹೊರಟಾಗ ಮಾತ್ರ ಎಲ್ಲ ಚೆಲ್ಲಾಪಿಲ್ಲಿ. ಮುಂದೆ ನಿಂತು ಹಾಡುವ ಐದನೇ ತರಗತಿಯ ಮಲ್ಲೇಶ್ವರಿ ಸೊಂಟಕ್ಕೆ ಕೈಯಿಟ್ಟು, "ಸರ್, ಇದು ಬ್ಯಾರೆ ಹಾಡ್ರಿ. ನಮಗ ಮೊದಲಿಂದೇ ಇರ್ಲಿ," ಎಂದುಬಿಟ್ಟಳು. ಏರಿಸುತ್ತೇನೆ ಏರಿಸುತ್ತೇನೆ ಎನ್ನುವುದರೊಳಗೆ ಉದ್ಘಾಟನೆಯ ದಿನ ಬಂತು.

ಬೆಳಿಗ್ಗೆ ಬರಬೇಕಾದ ಸಾಹೇಬರು ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಶಾಮಿಯಾನದ ನೆರಳು ವೇದಿಕೆಗಷ್ಟೇ. ಪಂಪಾಪತಿಯವರು ಹಾರ ಹಿಡಿದು, "ಪ್ರಾರ್ಥನೆ! ಎಲ್ಲರೂ ಎದ್ದು ನಿಲ್ಲಬೇಕು," ಎಂದು ಮೈಕಿನಲ್ಲಿ ಕೂಗಿದರು. ಅನಿಲಕುಮಾರ ದೇವರ ಮೇಲೆ ಭಾರ ಹಾಕಿ ಮೊಬೈಲಿನಲ್ಲಿ ಪೂರ್ತಿ ವೇಗದಲ್ಲೇ ಹಾಡು ಹಚ್ಚಿದ. ಮಕ್ಕಳು ಬಾಯಿ ತೆರೆದು ನಿಂತರೇ ಹೊರತು ಒಂದು ಸ್ವರವೂ ಹೊರಡಲಿಲ್ಲ.

"ತಡೀರಿ ಸರ್, ನಾ ಅದೀನಿ," ಎಂದು ನಬೀಸಾಬ್ ಹಾರಿ ಬಂದು ಮೊಬೈಲಿನ ಮೇಲೆ ಬೆರಳೆಳೆದರು. ಕಬಡ್ಡಿ ಆಡಿದ ದಪ್ಪ ಬೆರಳು ಅರ್ಧಕ್ಕೆ ನಿಲ್ಲದೆ ಇನ್ನೂ ಕೆಳಗೆ ಜಾರಿತು. ಗಾಬರಿಯಲ್ಲಿ ಮೊಬೈಲೂ ಆ ಓಟದಲ್ಲೇ ಸಿಕ್ಕಿಕೊಂಡಿತು, ಹಾಡು ಮಾತ್ರ ತೆವಳುತ್ತಲೇ ಇತ್ತು. ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ.

ವಿಧೇಯ ಮಕ್ಕಳು. ಆ ಓಟಕ್ಕೂ ಹೊಂದಿಕೊಂಡರು. ಒಂದು ಸಾಲು ಹೊರಟರೆ ಮುಟ್ಟುವುದು ಯಾವಾಗಲೋ ತಿಳಿಯದು. ಹಾರ ಹಿಡಿದ ಪಂಪಾಪತಿಯವರ ತೋಳು ನಡುಗತೊಡಗಿತು. ಊರಿನ ಹಿರಿಯರೊಬ್ಬರು ಶಾಮಿಯಾನದ ಕಂಬ ತಬ್ಬಿಕೊಂಡರು. ಅಡುಗೆಯ ಚನ್ನಮಲ್ಲಮ್ಮ ಕೈಮುಗಿದು ನಿಂತಲ್ಲಿಂದಲೇ, "ಯಪ್ಪಾ, ಉಪ್ಪಿಟ್ಟು ಹೊತ್ತಾಕತ್ತೈತ್ರೀ," ಎಂದು ಗೋಳಿಟ್ಟಳು. ಪ್ರಾರ್ಥನೆ ನಡೆದಾಗ ಕದಲುವಂತಿಲ್ಲ. ಸೀದ ವಾಸನೆ ವೇದಿಕೆಯವರೆಗೆ ಬಂತು.

ಪಂಪಾಪತಿಯವರು ಹಲ್ಲು ಕಡಿದು ಪಿಸುಗುಟ್ಟಿದರು: "ಏನ್ರೀ ಇದು? ಇದು ನಂದು ಕವನೇನ್ರೀ?"

"ನಿಮ್ದೇ ರೀ ಸರ್."

"ಸಾಹೇಬ್ರ ಮುಂದ ಹಂಗ ಹೇಳಬ್ಯಾಡ್ರಿ ಮತ್ತ!"

ಅನಿಲಕುಮಾರ ಸಾಹೇಬರ ಕಡೆ ನೋಡಿದ. ಅವರು ತಲೆ ತಗ್ಗಿಸಿ, ಕರ್ಚೀಫು ಮುಖಕ್ಕೊತ್ತಿ ನಿಂತಿದ್ದರು. ಸಿಟ್ಟು ನುಂಗುತ್ತಿದ್ದಾರೆಂದುಕೊಂಡ. ಸುಮಂಗಲಾ ನೋಡಿಟ್ಟ ಎರಡು ಕೋಣೆ ಕಣ್ಣ ಮುಂದೆ ಬಂದು, ಅವನಿಗೆ ಅಳು ಬಂತು.

ಕೊನೆಗೂ ಹಾಡು ಮುಗಿಯಿತು. "ಯಾರು ಕಲಿಸಿದ್ದು?" ಎಂದರು ಸಾಹೇಬರು. ಎಲ್ಲರ ಬೆರಳುಗಳೂ ಒಂದೇ ಕಡೆ ತಿರುಗಿದವು. ಪಂಪಾಪತಿಯವರು ಹಾರವನ್ನೇ ಅವನತ್ತ ಚಾಚಿ ತೋರಿಸಿದರು.

ಸಾಹೇಬರು ಕೆಳಗಿಳಿದು ಬಂದು ಅವನ ಕೈ ಹಿಡಿದರು. ಕಣ್ಣು ಕೆಂಪಾಗಿತ್ತು.

"ನಮ್ಮವ್ವ ತೀರಿಕೊಂಡು ತಿಂಗಳಾತು ಮಾಸ್ತರ. ಇವತ್ತಿನತನಕ ನನಗ ಅಳು ಬಂದಿದ್ದಿಲ್ಲ. ಯಾವ ಸಾಲಿಗಿ ಹೋದ್ರೂ ಮಕ್ಕಳು ಬಸ್ಸಿಗಿ ಓಡೋರಂಗ ಹಾಡ್ತಾರ. ನೀವು ಒಂದೊಂದು ಅಕ್ಷರಾನೂ ಎದಿಗಿ ಇಳಿಸಿದ್ರಿ."

"ಕವನ ನಂದು, ಸಾಹೇಬ್ರ," ಎಂದರು ಪಂಪಾಪತಿಯವರು.

ಅನಿಲಕುಮಾರನಿಗೆ ಹೋದ ಜೀವ ಬಂದಂತಾಯಿತು. "ಸಾಹೇಬ್ರ, ನಂದೊಂದು ಅರ್ಜಿ ಇತ್ರಿ... ಶಕ್ತಿನಗರಕ್ಕ..."

"ಓ, ಆ ಅನಿಲಕುಮಾರ್ ನೀವೇ ಏನು?" ಸಾಹೇಬರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. "ಆರ್ಡರಿಗೆ ನಿನ್ನೇನೇ ಸಹಿ ಮಾಡೀನಿ. ಹೆಂಗೂ ಹೊಂಟೀನಿ, ಕೈಯಾಗ ಕೊಟ್ಟು ಬರೋಣಂತ ತಂದಿದ್ದೆ."

ಅವನು ಎರಡೂ ಕೈ ಚಾಚಿದ. ಸಾಹೇಬರು ಅವನ ಕಣ್ಣೆದುರೇ ಕಾಗದವನ್ನು ಪರಪರ ಹರಿದರು.

"ಇಂಥಾ ಮಾಸ್ತರ್ನ ಈ ಮಕ್ಕಳಿಂದ ಕಸಗೊಂಡ್ರ ನಮ್ಮವ್ವ ಮ್ಯಾಲಿಂದ ನನ್ನ ಬೈತಾಳ. ನೀವು ಇಲ್ಲೇ ಇರಬೇಕು. ಮತ್ತ ಪ್ರತಿ ಶನಿವಾರ ಸಾಲಿ ಬಿಟ್ಟಮ್ಯಾಲ ಮಾನ್ವಿ ಕಡೆ ಹೋಗಿ ಅಲ್ಲಿ ಮಕ್ಕಳಿಗೂ ಹಿಂಗೇ ಕಲಸ್ರಿ."

ಚಪ್ಪಾಳೆ ಬಿತ್ತು. ನಬೀಸಾಬರದು ಎಲ್ಲರಿಗಿಂತ ಜೋರು.

ಅನಿಲಕುಮಾರ ಶಾಮಿಯಾನದ ಹಿಂದೆ ಹೋಗಿ ಒಂದು ಕಲ್ಲಿನ ಮೇಲೆ ಕುಸಿದ. ಅವನ ಮೊಬೈಲು ಈಗ ಸರಿಹೋಗಿ, ಗಣಗಣ ರಿಂಗಾಯಿತು.

"ಏನಾತ್ರೀ? ಆರ್ಡರ್ ಕೊಟ್ರಾ?" ಸುಮಂಗಲಾಳ ದನಿಯಲ್ಲಿ ಆಸೆ ತುಂಬಿತ್ತು.

"ಕೊಟ್ರು. ಪ್ರತಿ ಶನಿವಾರ ಮಾನ್ವಿಗೆ."

"ಮತ್ತ ಇಲ್ಲಿಗೆ ಯಾವಾಗ ಬರ್ತೀರಿ?"

ಉತ್ತರಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ ಮೈಕಿನಿಂದ ಸಾಹೇಬರ ಗದ್ಗದ ದನಿ ಬಂತು: "ಮಕ್ಕಳೇ, ಇನ್ನೊಮ್ಮೆ ಹಾಡ್ರಿ. ಇನ್ನೂ ನಿಧಾನ ಆದ್ರೂ ಅಡ್ಡಿ ಇಲ್ಲ."

ಅನಿಲಕುಮಾರ ಫೋನಿಟ್ಟು, ಎದ್ದು ನಿಂತು, ಕೈಮುಗಿದ.