ಮೇಷ್ಟ್ರ ಕೊನೆಯ ಹಾಳೆ

ತಪ್ಪೆಲ್ಲ ಮೇಷ್ಟ್ರ ಜಿಪುಣತನದ್ದು ಎಂದು ಬೈಂಡರ್ ಆಮೇಲೆ ಎಷ್ಟೋ ಸಲ ಅಂದುಕೊಂಡದ್ದುಂಟು. ‘ಒಳ್ಳೆಯದಕ್ಕಾಗಿ ಸುಳ್ಳು ಹೇಳಬಹುದೇ?’ ಎಂದು ಶಾಸ್ತ್ರ ಪುರಾಣಗಳನ್ನೆಲ್ಲ ಜಾಲಾಡಿ, ಹನ್ನೆರಡು ವರ್ಷ ಕೂತು ಬರೆದ ಗ್ರಂಥವನ್ನು ಯಾರಾದರೂ ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆಯುತ್ತಾರೆಯೇ?

ರಟ್ಟಿಗೆ ಅಂಟು ಬಳಿಯುವಾಗ ಕೆಳಗೆ ರದ್ದಿ ಹಾಳೆ ಹಾಸಿಕೊಳ್ಳುವುದು ಬೈಂಡರನ ರೂಢಿ. ಆ ಬೆಳಿಗ್ಗೆ ಕೈಗೆ ಸಿಕ್ಕಿದ ಭೂಗೋಳದ ಪ್ರಶ್ನೆಪತ್ರಿಕೆಯೊಂದನ್ನು ಹಾಸಿ, ಧಾರಾಳವಾಗಿ ಬಳಿದ. ಬಿಸಾಡಲು ಎತ್ತಿದಾಗ ನೋಡಿದರೆ ಹಿಂದೆ ಮೇಷ್ಟ್ರ ದುಂಡು ಅಕ್ಷರ! ಗ್ರಂಥದ ಕೊನೆಯ ಹಾಳೆ ಅಂಟಿನಲ್ಲಿ ನೆಂದು, ಶಾಯಿಯೆಲ್ಲ ಕದಡಿಹೋಗಿತ್ತು. ಅದರ ಹಿಂದಿನ ಹಾಳೆ ‘ಆದ್ದರಿಂದ ನನ್ನ ತೀರ್ಮಾನವೇನೆಂದರೆ’ ಎಂಬಲ್ಲಿಗೆ ನಿಂತಿತ್ತು. ಬೈಂಡ್ ಮಾಡಲು ಕೊಟ್ಟಿದ್ದ ಗ್ರಂಥವನ್ನು ಒಯ್ಯಲು ಸಂಜೆ ಐದಕ್ಕೆ ಮೇಷ್ಟ್ರು ಬರುವವರಿದ್ದರು.

ಆ ಕಾಲದಲ್ಲಿ ಬೀದಿಯೆಂದರೆ ಒಂದೇ ಮನೆಯಿದ್ದಂತೆ. ಒಬ್ಬ ‘ಅಯ್ಯೋ’ ಎಂದರೆ ಸಾಕು, ನಾಲ್ವರು ಕೆಲಸ ಬಿಟ್ಟು ಬರುತ್ತಿದ್ದರು. ಈಗ ಆ ಅಂಗಡಿಗಳೂ ಇಲ್ಲ, ಆ ಅಂಟಿನ ಹುಳಿವಾಸನೆಯೂ ಇಲ್ಲ, ನೆನೆದರೆ ಸಂಕಟವಾಗುತ್ತದೆ. ಅಂದು ಪಕ್ಕದ ದರ್ಜಿ ಬಂದ, ಎದುರಿನ ಫೋಟೋ ಸ್ಟುಡಿಯೋದವನು ಬಂದ.

“ಇದ್ದದ್ದು ಇದ್ದಂಗೆ ಹೇಳಿಬಿಡ್ತೀನಿ,” ಎಂದ ಬೈಂಡರ್.

“ತಲೆಗಿಲೆ ಕೆಟ್ಟಿದ್ಯಾ? ಹನ್ನೆರಡು ವರ್ಷದ ಕೆಲಸ. ಮುದುಕರ ಎದೆ ಒಡೆದುಹೋಗುತ್ತೆ,” ಎಂದು ದರ್ಜಿ ಗದರಿದ. “ಪ್ರಾಣ ಉಳಿಸೋಕೆ ಸುಳ್ಳು ಹೇಳಿದ್ರೆ ಪಾಪ ಇಲ್ಲ ಅಂತ ಶಾಸ್ತ್ರಾನೇ ಹೇಳುತ್ತಂತೆ.”

“ಪ್ರಾಣಕ್ಕೆ ಅಂತ ಇದೆ, ಹಾಳೆಗೆ ಅಂತ ಇಲ್ವಲ್ಲಣ್ಣ!” ಎಂದ ಬೈಂಡರ್.

“ನಾನು ದಿನಾ ಫೋಟೋದಲ್ಲಿ ಜನರ ಮುಖದ ಕಲೆಗಳನ್ನ ಪೆನ್ಸಿಲಲ್ಲಿ ಮುಚ್ತೀನಿ. ಯಾವ ದೇವರೂ ಬಂದು ಕೇಳಿಲ್ಲ,” ಎಂದ ಸ್ಟುಡಿಯೋದವನು. “ನಿನ್ನ ಅಕ್ಷರಾನೂ ಮೇಷ್ಟ್ರದ್ದೇ ಪಡಿಯಚ್ಚು. ಸುಮ್ನೆ ಬರಿ.”

ಅದು ನಿಜ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಅಕ್ಷರದ ಮೇಲೆ ತಿದ್ದಿ ತಿದ್ದಿ ಕಲಿತವನು ಅವನು. ಜ್ವರ ಬಂದು ಮಲಗಿದಾಗ ಮನೆಗೇ ಬಂದು ಪಾಠ ಹೇಳಿದವರಿಗೆ ಮೋಸವೇ ಎಂದು ಜೀವ ಹಿಂಡಿತು. ಹಾಳೆ ಹಾಳಾಯಿತೆಂದಾಗ ಅವರ ಮುಖ ಹೇಗಾದೀತೆಂದು ನೆನೆದು ಇನ್ನೂ ಹಿಂಡಿತು. ಅಷ್ಟರಲ್ಲಿ ದರ್ಜಿ ಕೆಟ್ಟ ಹಾಳೆಯನ್ನು ಒಯ್ದು ತನ್ನ ಅಂಗಡಿಯ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ತುರುಕಿ, “ಸಾಕ್ಷಿ ಮುಗೀತು,” ಎಂದುಬಿಟ್ಟ.

ತೀರ್ಮಾನ ಏನಿದ್ದಿರಬಹುದೆಂದು ಮತ ಹಾಕಿದರು. ಒಂದಕ್ಕೆ ಎರಡು ಮತಗಳಿಂದ ಸುಳ್ಳು ಗೆದ್ದಿತು. ರದ್ದಿಯಲ್ಲಿ ಸಿಕ್ಕ ಇನ್ನೊಂದು ಪ್ರಶ್ನೆಪತ್ರಿಕೆಯ ಹಿಂದೆ ಬೈಂಡರ್ ಬರೆದ: ‘ಒಳ್ಳೆಯದಕ್ಕಾದರೆ ಸುಳ್ಳು ಹೇಳಬಹುದು.’

ಮೇಷ್ಟ್ರು ಬಂದವರೇ ಕೊನೆಯ ಪುಟ ತೆರೆದರು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಸ್ಟೂಲಿನ ಮೇಲೆ ಕುಸಿದು ಕೂತರು.

“ನಾನು ಬರೆದದ್ದು ‘ಎಂಥ ಒಳ್ಳೆಯದಕ್ಕೂ ಸುಳ್ಳು ಸಲ್ಲದು’ ಅಂತ ಕಣೋ. ಇಲ್ಲಿ ನೋಡಿದ್ರೆ ತದ್ವಿರುದ್ಧ. ಅಕ್ಷರ ನಂದೇ. ‘ಅಪ್ಪಾ, ನಿಮಗೆ ಮರೆವು ಬಂದಿದೆ’ ಅಂತ ಮಗಳು ಹೇಳ್ತಾನೇ ಇದ್ಲು. ನಾನೇ ನಂಬಿರ್ಲಿಲ್ಲ.”

ಬೈಂಡರನಿಗೆ ತಡೆಯಲಾಗಲಿಲ್ಲ. “ನಿಮಗೆ ಯಾವ ಮರೆವೂ ಇಲ್ಲ ಮೇಷ್ಟ್ರೇ! ಬರೆದವನು ನಾನು!” ಎಂದು ಅಂಟಿನಿಂದ ಕೆಂಡದವರೆಗೆ ಎಲ್ಲವನ್ನೂ ಕಕ್ಕಿದ. ಉಳಿದಿಬ್ಬರೂ ಹೌದು ಹೌದು ಎಂದು ತಲೆಯಾಡಿಸಿದರು.

ಮೇಷ್ಟ್ರು ಮೂವರನ್ನೂ ನೋಡಿದರು. ಮೆಲ್ಲಗೆ ಮುಖ ಅರಳಿತು.

“ನನ್ನ ಸಮಾಧಾನಕ್ಕೆ ಎಷ್ಟು ಚೆನ್ನಾಗಿ ಕತೆ ಕಟ್ಟಿದ್ರೋ! ಮೂರು ಜನಾನೂ ಒಂದೇ ಬಾಯಲ್ಲಿ!”

“ಇಲ್ಲ ಮೇಷ್ಟ್ರೇ, ನಿಮ್ಮಾಣೆ...”

“ಆಣೆ ಬೇರೆ! ಇಷ್ಟು ಪ್ರೀತಿಯ ಸುಳ್ಳು ತಪ್ಪು ಅಂತ ಯಾವ ಶಾಸ್ತ್ರ ಹೇಳೀತು? ಕೊನೇ ಪುಟ ಸರಿಯಾಗೇ ಇದೆ. ಯಾವಾಗ ಬರೆದ್ನೋ, ಅದೇ ಮರೆತಿದೆ.” ಗ್ರಂಥವನ್ನು ಅವಚಿಕೊಂಡು ಎದ್ದರು. “ಮನೆವರೆಗೂ ಬಾರೋ. ದಾರಿ ಮರೆತುಬಿಟ್ಟೇನು ಅಂತ ಭಯ.”

ಮೇಷ್ಟ್ರು ನಲವತ್ತು ವರ್ಷ ಒಬ್ಬರೇ ಓಡಾಡಿದ ಬೀದಿಯಲ್ಲಿ ಬೈಂಡರ್ ಅವರನ್ನು ಕೈಹಿಡಿದು ನಡೆಸಿಕೊಂಡು ಹೋದ. ದಾರಿಯುದ್ದಕ್ಕೂ ನಿಜ ಹೇಳಿದ. ದಾರಿಯುದ್ದಕ್ಕೂ ಮೇಷ್ಟ್ರು ಮೆಚ್ಚಿ ಬೆನ್ನು ತಟ್ಟಿದರು.