ಬಡ್ಡಿ ಇಲ್ಲದ ಮನೆ ಕೊಳ್ಳಲು ಹೋದದ್ದು

ಮನೆ ಕೊಳ್ಳಲು ಹೊರಟವರಿಗೆ ನಗೆಪಾಟಲು ತಪ್ಪಿದ್ದಲ್ಲ. ಬೇರೆಯವರಿಗೆ ಗೃಹಪ್ರವೇಶವಾದ ಮೇಲೆ ಶುರುವಾಗುವುದು ನನಗೆ ಮುಂಗಡ ಕೊಟ್ಟ ದಿನವೇ ಶುರುವಾಯಿತು. ಆಗ ನಾನು ಹೊನ್ನವಳ್ಳಿಯಲ್ಲಿ ಕನ್ನಡ ಮೇಷ್ಟ್ರು, ತಿಪಟೂರಿನಲ್ಲಿ ಬಾಡಿಗೆ ಮನೆ. ಮುಂಗಡ ಕೊಟ್ಟದ್ದು ಹೆಂಡತಿಯ ನಾಲ್ಕು ಬಳೆ ಮಾರಿದ ದುಡ್ಡು. ಆ ದಿನಗಳನ್ನು ನೆನೆದಾಗಲೆಲ್ಲ ನಗು ಬರುತ್ತದೆ, ಜೊತೆಗೆ ಮೂವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಬರೆದುಕೊಡಿ

ಊರಾಚೆ ಹೊಸ ಬಡಾವಣೆ ಮಾಡುತ್ತಿದ್ದ ಕಂಪನಿಯ ಮ್ಯಾನೇಜರು ಮನೆಗೇ ಬಂದರು. ಬೆಂಗಳೂರಿನವರು, ಕೈಯಲ್ಲಿ ಬಣ್ಣದ ಕರಪತ್ರ. "ಮನೆ ಈಗ ತಗೊಳ್ಳಿ ಸಾರ್, ಐದು ವರ್ಷ ಕಂತು ಕಟ್ಟಿ. ಬಡ್ಡಿ ಒಂದು ಪೈಸೆ ಇಲ್ಲ. ಸಾಲ ನಾವೇ ಕೊಡಿಸ್ತೀವಿ."

ನಾನು ಆಗಲೇ ಮನಸ್ಸಿನಲ್ಲಿ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹೆಂಡತಿ ಕಂದಿಕೆರೆಯವಳು, ಸುಲಭಕ್ಕೆ ಬಗ್ಗುವವಳಲ್ಲ. "ಆ ಸಾಲ ಸಿಗದೇ ಹೋದ್ರೆ?" ಅಂದಳು.

"ಸಿಕ್ಕೇ ಸಿಗುತ್ತೆ ಮೇಡಂ."

"ಬಡ್ಡಿ ಇಲ್ಲದ ಸಾಲ ಸಿಗದಿದ್ರೆ ಮುಂಗಡ ವಾಪಸ್ ಅಂತ ರಸೀದಿ ಹಿಂದೆ ಬರೆದುಕೊಡಿ."

ನನಗೆ ನಾಚಿಕೆಯಾಗಿ ಫ್ಯಾನು ನೋಡುತ್ತ ಕೂತೆ. ಮ್ಯಾನೇಜರು ಮುಖ ಸಣ್ಣಗೆ ಮಾಡಿ, "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು.

"ನಂಬಿಕೆ ಇರೋದಕ್ಕೇ ಬರೀರಿ ಅಂದೆ ಕಣ್ರೀ. ಇಲ್ದಿದ್ರೆ ಬಾಗ್ಲೇ ತೆಗೀತಿರ್ಲಿಲ್ಲ."

ಬರೆದರು. ಸಹಿಯನ್ನೂ ಹಾಕಿದರು.

ಹನ್ನೊಂದನೇ ಹೆಸರು

ಆರು ತಿಂಗಳು ಅಲೆದಾಡಿಸಿದ ಮೇಲೆ ಸಾಲ ಬಂತು ಅಂದರು. ಒಬ್ಬನೇ ಹೋಗಲು ಧೈರ್ಯ ಸಾಲದೆ ನಮ್ಮ ಮನೆ ಮಾಲೀಕರನ್ನು ಕರೆದುಕೊಂಡು ಹೋದೆ. ಕೊಬ್ಬರಿ ಮಂಡಿಯ ಹಳೇ ಯಜಮಾನರು. ಬಾಡಿಗೆ ಒಂದು ದಿನ ತಡವಾದರೂ ಮೆಟ್ಟಿಲ ಹತ್ತಿರ ನಿಂತು ಕೆಮ್ಮುವ ಆಸಾಮಿ, ಆದರೆ ಕಷ್ಟ ಅಂದರೆ ಚಪ್ಪಲಿ ಮೆಟ್ಟಿ ಮೊದಲು ಹೊರಡುವವರು.

ಮ್ಯಾನೇಜರು ಕಾಗದ ಮುಂದಿಟ್ಟರು. "ಬಡ್ಡಿ ಇಲ್ಲವೇ ಇಲ್ಲ ಸಾರ್. ತಿಂಗಳು ತಿಂಗಳು ಒಂದಿಷ್ಟು ಸೇವಾ ಶುಲ್ಕ, ಅಷ್ಟೇ."

ನಾನು ಪೆನ್ನು ತೆಗೆದೆ. ಯಜಮಾನರು ನನ್ನ ಕೈ ಹಿಡಿದು ಮ್ಯಾನೇಜರ ಕಡೆ ತಿರುಗಿದರು. "ನಾನು ಮೂವತ್ತು ವರ್ಷ ಮಂಡಿ ಮಾಡಿದೋನು ಕಣಪ್ಪ. ಚೀಲದ ತೂಕ, ತೇವದ ತೂಕ, ಧೂಳಿನ ತೂಕ ಅಂತ ರೈತನ ಕೊಬ್ರೀಲಿ ಮುರ್ಕೊಳ್ಳೋಕೆ ಹತ್ತು ಹೆಸರು ಇಟ್ಟಿದ್ದೆ. ನಿಂದು ಹನ್ನೊಂದನೇದು, ಬುಡು."

ಮುಂಗಡ ವಾಪಸು ಕೇಳಿದೆವು. ಕೊಡುವುದಿಲ್ಲ ಅಂದರು.

ಒಂಬತ್ತನೇ ಪುಟ

ತುಮಕೂರಿನ ಗ್ರಾಹಕರ ವೇದಿಕೆಗೆ ದೂರು ಕೊಡಲು ವಕೀಲರೇ ಬೇಕೆಂದಿಲ್ಲ, ಬಿಳಿ ಹಾಳೆಯಲ್ಲಿ ನೀವೇ ಬರೆದುಕೊಡಬಹುದು ಎಂದು ಹೇಳಿದವರು ಅಲ್ಲಿನ ಗುಮಾಸ್ತೆ. ಆ ಪುಣ್ಯಾತ್ಮ ನನ್ನಿಂದ ಒಂದು ಟೀಯನ್ನೂ ಕುಡಿಯಲಿಲ್ಲ.

ಕನ್ನಡ ಮೇಷ್ಟ್ರಿಗೆ ಬರೆಯಿರಿ ಅಂದರೆ ಕೇಳಬೇಕೇ? ಹನ್ನೆರಡು ಪುಟ ಬರೆದೆ. ಸ್ವಂತ ಸೂರಿನ ಹಂಬಲ, ಮಾನವನ ಆಸೆ, ಎಲ್ಲವೂ ಬಂದವು.

ಗುಮಾಸ್ತೆ ತಿರುವಿ ಹಾಕಿ ಕೇಳಿದರು, "ಮೇಷ್ಟ್ರೇ, ನಿಮಗೆ ಏನು ಬರಬೇಕು ಅನ್ನೋದು ಎಲ್ಲಿದೆ?"

"ಒಂಬತ್ತನೇ ಪುಟದಲ್ಲಿ."

"ಅದೊಂದನ್ನ ಕೊಡಿ. ಮಿಕ್ಕಿದ್ದು ಮಕ್ಕಳಿಗೆ ಪಾಠ ಮಾಡಿ."

ಟವೆಲ್ಲು

ವಿಚಾರಣೆಯ ನಾಲ್ಕನೇ ತಾರೀಕಿನಂದು ಕಂಪನಿಯವರು ಚೆಕ್ಕಿಗೆ ಸಹಿ ಹಾಕಿದರು. ಹೆಂಡತಿ ಅದನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು ಸೆರಗಿನಲ್ಲಿ ಸುತ್ತಿಟ್ಟಳು. ಸಹಿ ಬಿದ್ದದ್ದು ಹೇಗೆ ಎಂದು ಹೇಳಲೇಬೇಕು.

ಅವತ್ತು ವೇದಿಕೆಯ ಅಧ್ಯಕ್ಷರು ರಸೀದಿಯ ಹಿಂದು ಮುಂದು ಓದಿ, ಮ್ಯಾನೇಜರನ್ನು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮದೇ ಅಕ್ಷರ ಅಲ್ವೇನ್ರೀ? ಹೊರಗೆ ಹೋಗಿ ಮಾತಾಡಿ ಮುಗಿಸಿಕೊಂಡು ಬನ್ನಿ. ಇಲ್ಲದಿದ್ದರೆ ನಾನು ಮುಗಿಸ್ತೀನಿ."

ಜಗಲಿಗೆ ಬಂದೆವು. ಯಜಮಾನರು ಅವತ್ತೂ ನನ್ನ ಜೊತೆ ಬಂದಿದ್ದರು. ಅವರಿಗೆ ಕೊಬ್ಬರಿಯ ಜೊತೆ ಎತ್ತಿನ ವ್ಯಾಪಾರದ ಹುಚ್ಚೂ ಇತ್ತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಎದುರಿನವನು ಕೈ ಅದುಮಿದರೆ ವ್ಯಾಪಾರ ಕುದುರಿದಂತೆ.

ಯಜಮಾನರು ಹೆಗಲ ಟವೆಲ್ಲು ತೆಗೆದು ಮ್ಯಾನೇಜರ ಕೈ ಮೇಲೆ ಹೊದಿಸಿ, ಒಳಗೆ ಏನೋ ಹಿಡಿದರು. ಮ್ಯಾನೇಜರು ಪಾಪ, ಹಿರಿಯರು ಸಮಾಧಾನ ಮಾಡುತ್ತಿದ್ದಾರೆ ಅಂದುಕೊಂಡು ಅವರ ಕೈಯನ್ನು ಪ್ರೀತಿಯಿಂದ ಅದುಮಿದರು.

ಯಜಮಾನರು ಟವೆಲ್ಲು ಕೊಡವಿ ನೇರ ಒಳಗೆ ನಡೆದರು. "ಮುಗೀತು ಸ್ವಾಮಿ. ಮುಂಗಡ ಪೂರ್ತಿ ವಾಪಸ್ಸು, ಜೊತೆಗೆ ಒಂದು ವರ್ಷದ ಬಡ್ಡಿ."

ಮ್ಯಾನೇಜರು ಹಿಂದೆಯೇ ಓಡಿಬಂದರು. "ಸುಳ್ಳು ಸ್ವಾಮಿ! ನಾನು ಬಾಯೇ ಬಿಟ್ಟಿಲ್ಲ!"

ಯಜಮಾನರು ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳುತ್ತ ಅಂದರು: "ನೀನು ಬಾಯಿ ಬಿಟ್ಟಿದ್ಕೇ ಅಲ್ವೇನಪ್ಪ, ನಾವು ಇಲ್ಲೀಗಂಟ ಬಂದಿರೋದು!"