ಕಾಜಾ ಮಾತ್ರ ಬಾಕಿ

ಸುಳ್ಳು ಹೇಳುವುದು ಪಾಪ ಎಂದು ಗೊತ್ತಿದ್ದೂ ನಲವತ್ತು ವರ್ಷ ದಿನಕ್ಕೆ ಹತ್ತು ಸಲವಾದರೂ ಸುಳ್ಳು ಹೇಳಿದವನು ನಾನು. ಕಾರಣ ಇಷ್ಟೇ, ನಾನು ದರ್ಜಿ. ಕುವೆಂಪುನಗರದಲ್ಲಿ ನನ್ನ ಅಂಗಡಿ ಇತ್ತು. ಗಿರಾಕಿಯ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ಬಾಯಿ ತಾನಾಗಿ ಹೇಳುತ್ತಿತ್ತು: "ಆಯ್ತು ಸಾರ್, ಕಾಜಾ ಮಾತ್ರ ಬಾಕಿ." ಗುಂಡಿಯ ತೂತಿನ ಸುತ್ತ ದಾರ ಹಾಕುವ ಕೊನೆಯ ಕೆಲಸವೊಂದೇ ಉಳಿದಿದೆ ಎಂದು ಅದರ ಅರ್ಥ. ನಿಜ ಹೇಳಬೇಕೆಂದರೆ ಬಟ್ಟೆಗೆ ಆಗ ಕತ್ತರಿಯೇ ಬಿದ್ದಿರುತ್ತಿರಲಿಲ್ಲ. ಒಮ್ಮೆ ನಮ್ಮ ಚರ್ಚಿನ ಫಾದರ್ ಕೊಟ್ಟ ನಿಲುವಂಗಿ ಬಟ್ಟೆಗೂ ಹೀಗೇ ಹೇಳಿ, ಅದೇ ಶನಿವಾರ ಅವರ ಹತ್ತಿರವೇ ಪಾಪನಿವೇದನೆಗೆ ಮೊಣಕಾಲೂರಿದೆ. ನನ್ನ ಪಾಪಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ ಮೆಲ್ಲಗೆ ಅಂದರು: "ಒಂದು ಬಿಟ್ಟೋಯ್ತಲ್ಲ ಇನ್ನಾಸಪ್ಪ, ಆ ಕಾಜಾ ವಿಷ್ಯ?"

ಅಂಗಡಿ ಮುಚ್ಚಿದೆ, ಶ್ರೀರಾಂಪುರದ ಮನೆಯಲ್ಲಿ ಕೂತೆ, ನಾಲಿಗೆ ಮಾತ್ರ ಕೆಲಸ ಬಿಡಲಿಲ್ಲ. ಇದು ನನಗೆ ಗೊತ್ತಾದದ್ದು ನಮ್ಮ ಮನೆಗೆ ಫೋನು ಬಂದ ವರ್ಷ, ಮೊಮ್ಮಗಳು ಸೆಲೀನಾಳಿಂದ. ಹಾಸನದಲ್ಲಿರುವ ಮಗಳ ಮಗಳು, ಎಂಟು ವರ್ಷ. ಅವಳ ಬಗ್ಗೆ ಬರೆಯಲು ಕೂತರೆ ಈ ಪುಸ್ತಕದಲ್ಲಿ ಬೇರೆಯವರಿಗೆ ಜಾಗವಿರುವುದಿಲ್ಲ, ಆದ್ದರಿಂದ ಕೈ ಬಿಗಿ ಹಿಡಿದಿದ್ದೇನೆ. ಮುಂದಿನ ಎರಡು ಹಲ್ಲು ಆಗ ಇರಲಿಲ್ಲ ಎನ್ನುವುದನ್ನು ಮಾತ್ರ ಹೇಳಿಬಿಡುತ್ತೇನೆ. ಆ ಸಂದಿಯಿಂದ ಬರುವ ನಗು ನೋಡಿದವರಿಗೇ ಗೊತ್ತು.

ದಸರಾ ರಜೆಗೆ ಬಂದಿದ್ದಾಗ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದಳು. "ದೊಡ್ಡ ಭಕ್ತಿ ಬೇಡ, ದಿನಾ ಸಣ್ಣದು ಮಾಡಿ ಅಂತ ನಮ್ ಸ್ಕೂಲ್ ಸಿಸ್ಟರ್ ಹೇಳವ್ರೆ ತಾತ" ಎಂದು, ಡಿಸೆಂಬರ್ ಒಂದರಿಂದ ಕ್ರಿಸ್‌ಮಸ್‌ವರೆಗೆ ನನಗೆ ದಿನಕ್ಕೆ ನಾಲ್ಕು ಚೌಕ. ದೇವರಿಗೊಂದು: ಬೈಬಲಿನ ಐದು ವಚನ. ಮೈಗೊಂದು: ನೀರಿನ ಟ್ಯಾಂಕಿನವರೆಗೆ ನಡಿಗೆ. ಅಜ್ಜಿಗೊಂದು: ನನ್ನ ಕಾಫಿ ಲೋಟ ನಾನೇ ತೊಳೆಯುವುದು. ಬಾಯಿಗೊಂದು: ಯಾರ ಮೇಲೂ ಸಿಟ್ಟಾಗದಿರುವುದು. ಮಾಡಿದ್ದಕ್ಕೆ ನೀಲಿ ಪೆನ್ಸಿಲಿನಲ್ಲಿ ಟಿಕ್. "ಎಲ್ಲಾ ತುಂಬ್ಸಿದ್ರೆ ಈ ಸಲ ಹಬ್ಬಕ್ಕೆ ಇಲ್ಗೇ ಬರ್ತೀನಿ. ಪ್ರಾಮಿಸ್."

ಆ ಮಾತು ನನಗೆ ಎಲ್ಲಿ ತಾಗಿತೆಂದು ಅವಳಿಗೆ ತಿಳಿಯದು. ಅವಳು ಹುಟ್ಟಿದಾಗಿನಿಂದ ಹಬ್ಬ ಅವಳ ಅಪ್ಪನ ಮನೆಯಲ್ಲೇ. ನಮ್ಮಲ್ಲಿ ಗೋದಲಿ ಕಟ್ಟಿದ ಮೇಲೆ ಬಾಲಯೇಸುವಿನ ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸುವುದು ಮನೆಯ ಎಲ್ಲರಿಗಿಂತ ಚಿಕ್ಕವರು. ಮಕ್ಕಳಿಲ್ಲದ ಮನೆಯಲ್ಲಿ ಚಿಕ್ಕವರು ಯಾರು? ನನಗಿಂತ ಆರು ವರ್ಷಕ್ಕೆ ಚಿಕ್ಕವಳಾದ ನನ್ನ ಹೆಂಡತಿ ಮೇರಿ. ಎಂಟು ವರ್ಷವೂ ಸೊಂಟ ಹಿಡಿದುಕೊಂಡು ಬಗ್ಗಿ, "ಯೇಸುವೇ, ಇನ್ನೂ ನಾನೇ ಮಗೂನಾ?" ಎಂದು ಮಲಗಿಸುತ್ತಿದ್ದಳು. ನಾನು ನಗುತ್ತಿದ್ದೆ. ನಕ್ಕು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ.

ಮೂರು ದಿನ ನಾನು ಸಂತನಂತೆ ಬಾಳಿದೆ. ನಾನು ಓದಿದ್ದು ಮೂರನೇ ಕ್ಲಾಸು. ಐದು ವಚನವೆಂದರೆ ನನಗೆ ಕೈಹೊಲಿಗೆ, ಒಂದೊಂದೇ ಅಕ್ಷರ ಚುಚ್ಚಿ ಎಳೆಯಬೇಕು. ನಾಲ್ಕನೇ ದಿನ ಕನ್ನಡಕ ಸಿಗಲಿಲ್ಲ. ಸಿಗಲಿಲ್ಲವೆಂದು ಮೇರಿಯ ಮೇಲೆ ರೇಗಿದೆ. ರೇಗಿದ ಮೇಲೆ ಲೋಟ ಅವಳೇ ತೊಳೆದಳು, ಬೇಜಾರಿಗೆ ನಡಿಗೆಯೂ ನಿಂತಿತು. ಒಂದು ಎಳೆ ಬಿಟ್ಟರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುವ ಹಾಗೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಫೋನು: "ತಾತ, ಎಲ್ಲಾ ಟಿಕ್ ಆಯ್ತಾ?"

"ಆಯ್ತು ಕಣಮ್ಮ, ಒಂದೆರಡು ಮಾತ್ರ ಬಾಕಿ" ಅಂದುಬಿಟ್ಟೆ. ಹೇಳಿದ ಮೇಲೆ ಚಾರ್ಟು ಖಾಲಿ ಇರುವುದು ಹೇಗೆ? ಬಿಟ್ಟದ್ದನ್ನೆಲ್ಲ ತುಂಬಿದೆ. ಕೈ ಓಟದಲ್ಲಿತ್ತು, ಒಂದೇ ಏಟಿಗೆ ಇಪ್ಪತ್ತೈದನೇ ತಾರೀಕಿನವರೆಗೂ ಹೊಲಿದುಬಿಟ್ಟೆ. ಮುಂದೆ ಮಾಡಿದರಾಯಿತು ಎಂಬ ಧೈರ್ಯ. ನೋಡಲು ಎಷ್ಟು ಚೆನ್ನಾಗಿತ್ತು! ಹೊಸ ಸೀರೆಯ ಚೌಕುಳಿಯ ಹಾಗೆ.

ಇಪ್ಪತ್ತಮೂರರ ಬೆಳಿಗ್ಗೆ ಅಪ್ಪ ಅಮ್ಮನ ಜೊತೆ ಬಂದೇ ಬಂದಳು. ನಾನು ಗೇಟಿಗೆ ಓಡಿದ ರಭಸಕ್ಕೆ ಒಂದು ಚಪ್ಪಲಿ ಜಗಲಿಯಲ್ಲೇ ಉಳಿಯಿತು. ಒಳಗೆ ಬಂದವಳು ಬ್ಯಾಗ್ ಇಳಿಸದೆ ನೇರ ಚಾರ್ಟಿನ ಮುಂದೆ ನಿಂತಳು.

"ತಾತ, ಇವತ್ತು ಎಷ್ಟ್ನೇ ತಾರೀಕು?"

"ಇಪ್ಪತ್ಮೂರು ಕಣಮ್ಮ."

"ಮತ್ತೆ, ನಾಳಿದ್ದು ನೀನು ಸಿಟ್ಟು ಮಾಡ್ಕೊಳ್ಲಿಲ್ಲ ಅಂತ ಇವತ್ತೇ ಹೆಂಗೆ ಗೊತ್ತಾಯ್ತು?"

ಅಡುಗೆಮನೆಯಿಂದ ಮೇರಿ ಕೂಗಿದಳು: "ಗೊತ್ತಾಗ್ದೆ ಏನು ಕಣೆ! ದೇವ್ರೇ ಬಂದು ಬಾಗ್ಲಲ್ಲಿ ನಿಂತ್ರೂ ನಿಮ್ ತಾತ ಕಾಜಾ ಮಾತ್ರ ಬಾಕಿ ಸ್ವಾಮಿ ಅಂದ್ಬುಡ್ತಾರೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಗು ಎಲ್ಲಿ ಬ್ಯಾಗ್ ಹಾಕಿಕೊಂಡೇ ತಿರುಗಿ ಬಸ್ ಸ್ಟ್ಯಾಂಡಿಗೆ ಹೊರಡುತ್ತಾಳೋ ಎಂದು ಬಾಗಿಲಿಗೆ ಅಡ್ಡ ನಿಂತೆ. "ನೀನು ಬರ್ದೆ ಹೋದ್ರೆ ಅಂತ ಭಯ ಆಗ್ಬುಡ್ತು ಕಣಮ್ಮ" ಅಂದೆ.

ಅವಳು ನನ್ನನ್ನೇ ನೋಡಿ, ಹಲ್ಲಿಲ್ಲದ ಸಂದಿಯಲ್ಲಿ ನಾಲಿಗೆ ಆಡಿಸಿ, "ಅಯ್ಯೋ ತಾತ, ಚಾರ್ಟ್ ಪೂರ್ತಿ ಖಾಲಿ ಇದ್ರೂ ಬರ್ತಿದ್ದೆ. ದಸರಾದಲ್ಲೇ ಅಪ್ಪ ಹೂಂ ಅಂದಿದ್ರು. ಸುಮ್ನೆ ಹೇಳ್ದೆ" ಅಂದಳು. ದರ್ಜಿಯ ಮೊಮ್ಮಗಳಲ್ಲವೇ!

ಆಮೇಲೆ ರಬ್ಬರು ತಂದು, ಒಂದೊಂದು ಚೌಕಕ್ಕೂ "ಇದು ನಿಜ್ವಾ?" ಎಂದು ಕೇಳುತ್ತ ಅಳಿಸಿದಳು. ಫಾದರ್ ಹತ್ತಿರವೂ ನಾನು ಅಷ್ಟು ಪ್ರಾಮಾಣಿಕನಾಗಿರಲಿಲ್ಲ. ನೂರರಲ್ಲಿ ಉಳಿದದ್ದು ಹದಿನಾಲ್ಕು. ಇನ್ನು ಮೂರು ದಿನವಿತ್ತಲ್ಲ, ಇಬ್ಬರೂ ಸೇರಿ ಮಾಡಿದೆವು. ಅವಳ ಪುಟ್ಟ ಬೆರಳು ಅಕ್ಷರದ ಕೆಳಗೆ ಮುಂದೆ ಮುಂದೆ, ನಾನು ಹಿಂದೆ ಹಿಂದೆ. ಟ್ಯಾಂಕಿನವರೆಗೆ ಹೋದವರು ಎರಡು ಸುತ್ತು ಜಾಸ್ತಿ ಹಾಕಿದೆವು. ಹಬ್ಬದ ದಿನ ಅವಳು ಬಾಲಯೇಸುವನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿಸಿದಳು. ಮೇರಿ ಆ ಸಲ ಸೊಂಟ ಹಿಡಿದುಕೊಳ್ಳಲಿಲ್ಲ, ನನ್ನ ತೋಳು ಹಿಡಿದುಕೊಂಡಳು.

ಹೋಗುವ ಮುಂಚೆ ಸೆಲೀನಾ ಹೊಸ ಚಾರ್ಟು ಬರೆದಿಟ್ಟಳು, ಬೇಸಿಗೆ ರಜೆಗೆ ಅವಳು ಬಸ್ಸಿಳಿಯುವ ದಿನದವರೆಗೆ. "ಮಾಡಿದ್ ಮೇಲೇನೇ ಟಿಕ್ಕು, ಗೊತ್ತಾಯ್ತಾ?" ಗೊತ್ತಾಯಿತು. ದೇವರಾಣೆಗೂ ಈಗ ಹಾಗೇ ನಡೆಯುತ್ತಿದ್ದೇನೆ. ಎಷ್ಟೋ ಚೌಕ ಖಾಲಿಯೇ ಇವೆ, ಇರಲಿ. ಆ ಕೊನೆಯ ಚೌಕದಲ್ಲಿ ಮಾತ್ರ ಒಂದು ಸಣ್ಣ ಗುರುತು ಈಗಲೇ ಇದೆ. ಪೆನ್ಸಿಲಿನದಲ್ಲ, ನನ್ನ ಹಳೇ ಅಂಗಡಿಯ ಸೀಮೆಸುಣ್ಣದ್ದು. ಸೀಮೆಸುಣ್ಣದ ಗುರುತು ಹೊಲಿಗೆಯಲ್ಲ, ಯಾವ ದರ್ಜಿಯನ್ನಾದರೂ ಕೇಳಿ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ನಾನು ಒರೆಸುವುದಿಲ್ಲ, ಅಷ್ಟೇ.